ಐವತ್ತಾರರಲ್ಲಿ ಮೂವತ್ತಾರು

ಮಕ್ತಲ್
4 ಆಗಸ್ಟ್ 2013

ಅಯ್ಯಣ್ಣನವರಿಗೆ ಶರಣು.

ನಾನು ಆದೆಪ್ಪ, ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರಿನ ಫೋಟೋ ಸ್ಟುಡಿಯೋದವನು. ಹೋದ ವಾರ ಎರಡು ಸಲ ಫೋನು ಮಾಡಿದೆ. ಹೆಸರು ಹೇಳಿದ ಕೂಡಲೆ ಇಟ್ಟುಬಿಟ್ಟಿರಿ. ಫೋನಿನಲ್ಲಿ ನನಗೂ ಮಾತು ತೊದಲುತ್ತದೆ. ಪತ್ರವಾದರೆ ಅರ್ಧ ಓದಿ ಮಡಚಿಟ್ಟು ಉಳಿದದ್ದನ್ನು ಮರುದಿನ ಓದಬಹುದು ಎಂದು ಬರೆಯುತ್ತಿದ್ದೇನೆ. ಆರನೇ ಇಯತ್ತೆಯನ್ನು ಎರಡು ಸಲ ಅರ್ಧಕ್ಕೆ ಬಿಟ್ಟವನು ನಾನು. ಒತ್ತಕ್ಷರ ತಪ್ಪಿದ್ದರೆ ಸರಿಮಾಡಿಕೊಂಡು ಓದಿರಿ.

ನಿಮ್ಮ ತಂಗಿ ಶೇಖಮ್ಮನವರ ಮಗಳು ಭಾಗ್ಯಜ್ಯೋತಿಗೆ ನಾರಾಯಣಪೇಟೆಯಲ್ಲಿ ಗಂಡು ಗೊತ್ತಾಗಿದೆ. ಬರುವ ಬೇಸಿಗೆಗೆ ಲಗ್ನ. ಆದರೆ ಶೇಖಮ್ಮನವರು ಹಟ ಹಿಡಿದಿದ್ದಾರೆ, ಸೋದರಮಾವ ಬಂದು ಹುಡುಗಿಯ ಕೈಹಿಡಿದು ಹಂದರಕ್ಕೆ ಕರೆತರದಿದ್ದರೆ ಲಗ್ನವೇ ಬೇಡ ಎಂದು. ಅವರ ಯಜಮಾನರು ಸಿದ್ದರಾಮೇಶ ತೀರಿಕೊಂಡು ಮೂರು ವರ್ಷವಾಯಿತು. ಆ ಮನೆಯಲ್ಲಿ ಈಗ ಹಿರಿಯರೆಂದರೆ ಸಿದ್ದರಾಮೇಶನ ಚಿಕ್ಕಪ್ಪ ವೀರಯ್ಯನವರೊಬ್ಬರೇ, ಅವರಿಗೂ ಎಂಬತ್ತು.

ನೀವು ಆ ಮನೆಯ ಹೊಸ್ತಿಲು ತುಳಿಯದೆ ಇಪ್ಪತ್ತೇಳು ವರ್ಷ. ಕಾರಣ ನಾನು ತೆಗೆದ ಫೋಟೋ, 1986ರಲ್ಲಿ ಶೇಖಮ್ಮನವರ ಲಗ್ನದ್ದು. ಆ ವರ್ಷ ಪಂಚಮಿಗೆ ತಂಗಿಯನ್ನು ಕರೆಯಲು ಬಂದಾಗ ಪಡಸಾಲೆಯ ಗೋಡೆಯ ಮೇಲೆ ಅದನ್ನು ನೋಡಿದಿರಿ. ಅದರಲ್ಲಿ ಗಂಡಿನ ಕಡೆಯವರೆಲ್ಲ ಇದ್ದರು. ನೀವಿರಲಿಲ್ಲ, ನಿಮ್ಮ ತಾಯಿಯವರೂ ಇರಲಿಲ್ಲ. ಸೀರೆ ವ್ಯಾಪಾರದ ಮನೆಯವರು ನೇಕಾರ ಬೀಗರನ್ನು ಬೇಕೆಂದೇ ಕತ್ತರಿಸಿ ಹಾಕಿಸಿದ್ದಾರೆ ಎಂದು ನೀರೂ ಮುಟ್ಟದೆ ಹೊರಟುಹೋದಿರಿ. ಫಿಲಂ ಒಂದು ಬದಿಗೆ ಕೆಟ್ಟಿತ್ತು ಎಂದು ನಾನು ಎಲ್ಲರಿಗೂ ಹೇಳಿದೆ. ಅದು ಸುಳ್ಳು.

ಮೊನ್ನೆ ಡಾರ್ಕ್ ರೂಮಿನಲ್ಲಿ ಜೆರಾಕ್ಸ್ ಮಷೀನು ಇಡಬೇಕೆಂದು ಸಾಮಾನು ತೆಗೆಯುತ್ತಿದ್ದೆ. ತೆಲಂಗಾಣ ಕೊಡುತ್ತೇವೆಂದು ದಿಲ್ಲಿಯವರು ಹೇಳಿದರಲ್ಲ, ಅದೇ ದಿನ. ಬಜಾರಿನಲ್ಲಿ ಪಟಾಕಿ ಹೊಡೆದ ಸದ್ದಿಗೆ ಕೈಲಿದ್ದ ಬಿಸ್ಕತ್ತಿನ ಡಬ್ಬಿ ಜಾರಿ ನೆಗೆಟಿವುಗಳೆಲ್ಲ ಚೆಲ್ಲಿದವು. ನಿಮ್ಮದು ಮೇಲೆಯೇ ಬಿತ್ತು. ಕಿಟಕಿಗೆ ಹಿಡಿದು ನೋಡಿದೆ. ಹದಿನಾಲ್ಕು ಜನ, ಪೂರ್ತಿ. ಬಲತುದಿಗೆ ನಿಮ್ಮ ತಾಯಿಯವರು, ಅವರ ಪಕ್ಕಕ್ಕೆ ನೀವು.

ಫಿಲಂ ಕೆಟ್ಟಿರಲಿಲ್ಲ. ನನ್ನ ಎನ್ಲಾರ್ಜರ್, ಅಂದರೆ ನೆಗೆಟಿವನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಮಷೀನು, ಆ ಅಳತೆಯ ಫಿಲಮನ್ನು ಹಿಡಿಯಲಿಲ್ಲ. ಅಷ್ಟೇ ಸಂಗತಿ. ಶೇಖಮ್ಮನವರಿಗೆ ಹೇಳಿದೆ. "ನನಗ್ಯಾಕ ಹೇಳ್ತಿ ಆದೆಪ್ಪಣ್ಣಾ? ಗದ್ವಾಲಾಗ ಅದಾನಲ್ಲ, ಅವಗ ಹೇಳು" ಎಂದರು.

ಉತ್ತರ ಬರೆಯದಿದ್ದರೂ ಪತ್ರ ಹರಿಯಬೇಡಿರಿ.

ಇತಿ, ಆದೆಪ್ಪ

*

ಗದ್ವಾಲ್
19 ಆಗಸ್ಟ್ 2013

ಸ್ಟುಡಿಯೋದವರಿಗೆ,

ಪತ್ರ ಮುಟ್ಟಿತು. ಒಂದೇ ಸಲಕ್ಕೆ ಓದಿದೆ.

ಮಷೀನು ಹಿಡಿಯಲಿಲ್ಲ ಎಂದರೆ ಏನು? ಮಗ್ಗದಲ್ಲಿ ಕೂತು ನನಗೆ ನಲವತ್ತು ವರ್ಷವಾಯಿತು. ಅಗಲದ ಹಾಸಿನ ನೂಲು ಮಗ್ಗದ ಸಣ್ಣ ಹಣಿಗೆಯ ಹಲ್ಲುಗಳಲ್ಲಿ ಹಾಯುವುದಿಲ್ಲ ಎಂಬುದು ಹಾಸು ಹೂಡುವ ಮೊದಲೇ ಗೊತ್ತಾಗುತ್ತದೆ. ನಿಮಗೆ ಲಗ್ನ ಮುಗಿದ ಮೇಲೆ ಗೊತ್ತಾಯಿತೇ? ಅಳತೆ ಬರೆಯಿರಿ. ಫಿಲಂ ಎಷ್ಟಗಲ, ಮಷೀನಿನ ಕಿಂಡಿ ಎಷ್ಟಗಲ. ರಾಯಚೂರೇನು ಕಾಶಿಯೇ, ಅಲ್ಲಿಗೆ ಒಯ್ದು ಮಾಡಿಸಬಾರದಿತ್ತೇ?

ನಮ್ಮವ್ವನ ಇನ್ನೊಂದು ಫೋಟೋ ಭೂಮಿಯ ಮೇಲಿಲ್ಲ. 1991ರಲ್ಲಿ ಹೋದಳು. ಇದು ನಿಮಗೆ ತಿಳಿದಿರಲಿ.

ಲಗ್ನದ ಮಾತು ಈಗ ಬೇಡ.

ಅಯ್ಯಣ್ಣ

*

ಮಕ್ತಲ್
8 ಸೆಪ್ಟೆಂಬರ್ 2013

ಅಯ್ಯಣ್ಣನವರಿಗೆ ಶರಣು.

ಅಳತೆ ಬರೆಯುತ್ತೇನೆ. ಸ್ಕೇಲು ಇಟ್ಟು ಮೂರು ಸಲ ನೋಡಿದ್ದೇನೆ, ಆದರೂ ತಪ್ಪಿದ್ದೀತೆಂದು ಅಂಜಿಕೆ.

ನನ್ನ ಸ್ವಂತ ಕ್ಯಾಮೆರಾ ಸಣ್ಣ ರೋಲಿನದು. ಅದರ ನೆಗೆಟಿವ್ ಮೂವತ್ತಾರು ಮಿಲಿಮೀಟರ್ ಅಗಲ, ಇಪ್ಪತ್ತನಾಲ್ಕು ಎತ್ತರ. ಲಗ್ನದ ಹಿಂದಿನ ದಿನ ಅದರ ಬಟನ್ನು ಸಿಕ್ಕಿಕೊಂಡಿತು. ಕೃಷ್ಣಾ ಊರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಒಬ್ಬರ ಬಳಿ ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾ ಇತ್ತು, ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ಅದನ್ನು ಕೇಳಿ ತಂದೆ. ಅದರದು ದೊಡ್ಡ ರೋಲು. ನೆಗೆಟಿವ್ ಐವತ್ತಾರಕ್ಕೆ ಐವತ್ತಾರು, ಚೌಕ. ಫೋಟೋ ಚೆನ್ನಾಗಿಯೇ ಬಂತು. ತೊಳೆದು ಒಣಗಿಸಿ ಎನ್ಲಾರ್ಜರಿಗೆ ಇಡಲು ಹೋದಾಗ ಕಿಂಡಿ ಸಣ್ಣದು, ಅದೂ ಮೂವತ್ತಾರೇ ಅಗಲ! ಎನ್ಲಾರ್ಜರ್ ಎಂದರೆ ಎನ್ಲಾರ್ಜರ್, ಯಾವ ಫಿಲಮನ್ನಾದರೂ ನುಂಗುತ್ತದೆ ಎಂದು ತಿಳಿದಿದ್ದೆ. ನನಗೆ ಯಾರೂ ಕಲಿಸಿದ್ದಲ್ಲ. ಮುಚ್ಚಿಹೋದ ಅಂಗಡಿಯೊಂದರಿಂದ ಮಷೀನು ತಂದಾಗ ಅದರ ಜೊತೆಗಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಚಿತ್ರ ನೋಡಿ ಕಲಿತೆ.

ರಾಯಚೂರಿಗೆ ಒಯ್ಯಬಹುದಿತ್ತು. ಆದರೆ ಹೊಸದಾಗಿ ಮಷೀನು ಬಂದಿದೆ, ಎಲ್ಲ ಇಲ್ಲೇ ಮಾಡಿಕೊಡುತ್ತೇನೆಂದು ಮಕ್ತಲ್ ತುಂಬ ಹೇಳಿಕೊಂಡು ತಿರುಗಿದ್ದೆ. ನಾಚಿಕೆಯಾಯಿತು.

ನಿಮ್ಮ ಪತ್ರ ಬಂದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ನೆಗೆಟಿವ್ ಇಡುವ ತಗಡನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ಕಿಂಡಿಯನ್ನು ಐವತ್ತಾರಕ್ಕೆ ಹಿಗ್ಗಿಸಿದೆ. ಈಗ ಗೆದ್ದೆ ಎಂದುಕೊಂಡೆ. ಕಿಂಡಿ ದೊಡ್ಡದಾದರೆ ಸಾಲದು ಎಂಬುದು ಆಮೇಲೆ ತಿಳಿಯಿತು. ಕೆಳಗಿನ ಲೆನ್ಸು ಸಣ್ಣ ಫಿಲಮಿಗೆ ಮಾಡಿದ್ದು, ಐವತ್ತರ ನಂಬರಿನದು. ಮೇಲೆ ಬೆಳಕು ಹರಡುವ ದಪ್ಪ ಗಾಜೂ ಸಣ್ಣ ಫಿಲಮಿಗೇ ಮಾಡಿದ್ದು. ಎರಡೂ ಸೇರಿ ನಡುವೆ ಒಂದು ರೊಟ್ಟಿಯಷ್ಟು ಗುಂಡಗೆ ಬೆಳಕು ಬೀಳಿಸುತ್ತವೆ, ತುದಿಗಳಿಗೆ ಮುಟ್ಟುವುದಿಲ್ಲ. ಬೆಳಕು ಮುಟ್ಟದ ಪೇಪರು ಬೆಳ್ಳಗೇ ಉಳಿಯುತ್ತದೆ. ಆ ಪ್ರಿಂಟನ್ನು ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಒಂದು ಭುಜ ಕಾಣುತ್ತದೆ. ನಿಮ್ಮ ತಾಯಿಯವರ ಜಾಗ ಬಿಳಿ. ಕಳಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಸುಳ್ಳಿಗಿಂತ ಇದು ವಾಸಿ.

ಈ ಫಿಲಮಿಗೆ ದೊಡ್ಡ ಗಾಜು, ಎಂಬತ್ತರ ಲೆನ್ಸು ಇರುವ ಎನ್ಲಾರ್ಜರ್ ಬೇಕು. ಕರ್ನೂಲಿನಲ್ಲಿ ಸಾಯಣ್ಣ ಎಂಬ ಹಿರಿಯರ ಬಳಿ ಇದೆಯಂತೆ. ಆದರೆ ಆ ಕಡೆಯವರು ರಾಜ್ಯ ಒಡೆಯಬೇಡಿರೆಂದು ಬಸ್ಸು ನಿಲ್ಲಿಸಿ ಕೂತಿದ್ದಾರೆ. ಬಸ್ಸು ಬಿಟ್ಟ ಕೂಡಲೆ ಹೋಗುತ್ತೇನೆ.

ಇತಿ, ಆದೆಪ್ಪ

*

ಗದ್ವಾಲ್
29 ಸೆಪ್ಟೆಂಬರ್ 2013

ಸ್ಟುಡಿಯೋದವರಿಗೆ,

ನೀವು ಹೋಗಬೇಡಿ. ಕರ್ನೂಲು ನನಗೆ ಹತ್ತಿರ. ಬಸ್ಸು ಬಿಟ್ಟ ಮೇಲೆ ನಾನೇ ಹೋಗುತ್ತೇನೆ. ನೆಗೆಟಿವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿರಿ.

ಅದಕ್ಕೆ ಮೊದಲು ಒಂದು ಮಾತು. ನೀವು ಬರೆದ ಅಳತೆಯನ್ನು ಮಗ್ಗದ ಕಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ವಾರವಿಡೀ ನೋಡಿದೆ. ಅಗಲದಲ್ಲಿ ಫಿಲಂ ಐವತ್ತಾರು, ಕಿಂಡಿ ಮೂವತ್ತಾರು. ಉಳಿದದ್ದು ಇಪ್ಪತ್ತು. ಕಿಂಡಿಯನ್ನು ನಡುವೆ ಇಟ್ಟರೆ ಆ ಬದಿ ಹತ್ತು ಹೋಗಬೇಕು, ಈ ಬದಿ ಹತ್ತು ಹೋಗಬೇಕು. ಹಾಸು ಹೆಚ್ಚಾದರೆ ನಾವು ಎರಡೂ ಬದಿ ಸಮನಾಗಿ ಬಿಡುತ್ತೇವೆ. ಒಂದೇ ಬದಿ ಬಿಟ್ಟರೆ ಸೀರೆಗೆ ಒಂದೇ ಅಂಚು ಉಳಿಯುತ್ತದೆ.

ಆ ಫೋಟೋವನ್ನು ನಾನು ನೋಡಿದ್ದು ಒಂದೇ ಸಲ. ಆದರೆ ಈಗಲೂ ಹೇಳಬಲ್ಲೆ. ಎಡತುದಿಗೆ ವೀರಯ್ಯನವರು ಕೋಲು ಹಿಡಿದು ನಿಂತಿದ್ದಾರೆ. ಅವರ ಆಚೆ ಹಂದರದ ಕಂಬ. ಕಂಬಕ್ಕೆ ಕಟ್ಟಿದ ಬಾಳೆಗಿಡ. ಬಾಳೆಗಿಡಕ್ಕೆ ಜಾಗವಿತ್ತು, ನಮ್ಮವ್ವನಿಗೆ ಇರಲಿಲ್ಲ.

ಮಷೀನಿಗೆ ಬೀಗರು ಯಾರು, ನೇಕಾರರು ಯಾರು ಎಂದು ಗೊತ್ತಿರುತ್ತದೆಯೇ? ವೀರಯ್ಯನವರು ಹೇಳಿದರೋ ಇಲ್ಲವೋ, ಅಷ್ಟು ಬರೆಯಿರಿ. ಬೇರೆ ಪುರಾಣ ಬೇಡ.

ಅಯ್ಯಣ್ಣ

*

ಮಕ್ತಲ್
10 ನವೆಂಬರ್ 2013

ಅಯ್ಯಣ್ಣನವರಿಗೆ ಶರಣು.

ಬಸ್ಸು ಬಿಟ್ಟು ತಿಂಗಳಾಯಿತು. ದಸರೆ ಹೋಯಿತು, ದೀಪಾವಳಿ ಹೋಯಿತು. ನೆಗೆಟಿವ್ ಅಂಚೆಯಲ್ಲಿ ಕಳೆದುಹೋದೀತೆಂದು ತಡಮಾಡಿದೆ ಎಂದು ಬರೆಯಲು ಕೂತಿದ್ದೆ. ಬರೆದು ಹರಿದೆ. ಅದಲ್ಲ ಕಾರಣ.

ವೀರಯ್ಯನವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ನಾನೇ ಮಾಡಿದೆ.

ಮೊದಲು ನಡುವೆಯೇ ಇಟ್ಟೆ. ಎಡಕ್ಕೆ ವೀರಯ್ಯನವರು ಹೋಗುತ್ತಿದ್ದರು, ಬಲಕ್ಕೆ ನಿಮ್ಮ ತಾಯಿಯವರು. ನನ್ನ ಅಂಗಡಿ ಇರುವ ಜಾಗ ವೀರಯ್ಯನವರದು. ಅವರ ಮುಖವಿಲ್ಲದ ಲಗ್ನದ ಫೋಟೋವನ್ನು ಅವರ ಕೈಗೆ ಹೇಗೆ ಕೊಡಲಿ ಎಂದು ಹೆದರಿದೆ. ನೆಗೆಟಿವನ್ನು ಬೆರಳಿನಿಂದ ಸರಿಸಿದೆ. ಹೆಚ್ಚಿಲ್ಲ, ಒಂದು ಉಗುರಿನಷ್ಟು. ಗಂಡಿನ ಕಡೆಯವರೆಲ್ಲ ಒಳಗೆ ಬಂದರು, ನಿಮ್ಮ ಕಡೆಯ ಐದು ಜನ ಹೊರಗೆ ಹೋದರು. ಎರಡೂ ಕಡೆಯಿಂದ ಬೈಸಿಕೊಳ್ಳುವ ಬದಲು ಒಂದು ಕಡೆ ಸಾಕು ಎನಿಸಿತು. ನೀವು ನೇಯುವ ಜನ, ಹುಡುಗಿ ಕೊಟ್ಟವರು, ಸುಮ್ಮನಿರುತ್ತೀರಿ ಎಂದು ಲೆಕ್ಕ ಹಾಕಿದೆ.

ಫೋಟೋ ಕೊಡಲು ಹೋದ ದಿನ ವೀರಯ್ಯನವರು ಅದನ್ನು ಹೊರಳಿಸಿ ಮರಳಿಸಿ ನೋಡಿ, "ಬೀಗ್ರು ಎಲ್ಲಿ ಹೋದ್ರಲೇ?" ಎಂದರು. ಫಿಲಂ ಕೆಟ್ಟಿತ್ತು ಎಂದೆ. "ಛೇ, ಹಿರಿಯಾಕಿನ್ನ ಕಳದ್ಯಲ್ಲೋ" ಎಂದು ತಲೆ ಅಲ್ಲಾಡಿಸಿದರು. ಸಿದ್ದರಾಮೇಶ ಅಲ್ಲೇ ಇದ್ದ. "ನಮ್ಮ ಅತ್ತಿ ಇಲ್ಲದ ಫೋಟೋ ಗ್ವಾಡಿಗೆ ಹಾಕೂದ ಬ್ಯಾಡ ಕಾಕಾ" ಎಂದ. ಮನೆಯ ಹೆಂಗಸರು ಕೇಳದೆ ಹಾಕಿದರು.

ಇನ್ನೂ ಒಂದಿದೆ. ಕಿಂಡಿಯನ್ನು ಹಿಗ್ಗಿಸುವುದೇ ಬೇಕಿರಲಿಲ್ಲ. ನೆಗೆಟಿವನ್ನು ಆ ಕಡೆಗೆ ಸರಿಸಿದಂತೆ ಈ ಕಡೆಗೆ ಸರಿಸಿದ್ದರೆ ನಿಮ್ಮ ತಾಯಿಯವರ ಫೋಟೋ ಇಪ್ಪತ್ತೇಳು ವರ್ಷದಲ್ಲಿ ಯಾವ ದಿನವಾದರೂ ಬರುತ್ತಿತ್ತು. ಹಾಗೆ ಮಾಡಿಕೊಟ್ಟರೆ ಸರಿಸಲು ಬರುತ್ತದೆ ಎಂದು ನಿಮಗೆ ತಿಳಿಯುತ್ತದಲ್ಲ, ಅದಕ್ಕೆ ಮಾಡಲಿಲ್ಲ. ಈಗ ಮಾಡಬಲ್ಲೆ. ಆದರೆ ಆಗ ವೀರಯ್ಯನವರು ಹೊರಗೆ ಹೋಗುತ್ತಾರೆ. ಮತ್ತೊಮ್ಮೆ ಯಾರನ್ನೋ ಕತ್ತರಿಸುವುದು ನನ್ನಿಂದಾಗದು. ಪೂರ್ತಿ ಹಿಡಿಯುವ ಮಷೀನಿಗೇ ಹೋಗಲಿ.

ನೆಗೆಟಿವ್ ಕಳಿಸಿದ್ದೇನೆ, ಎರಡು ರಟ್ಟಿನ ನಡುವೆ. ಬೆಳಕಿಗೆ ಹಿಡಿದರೆ ಮೇಲಿನಿಂದ ಕೆಳಗೆ ಒಂದು ಗೀರು ಕಾಣುತ್ತದೆ. ಅದು ಅಂದು ತಗಡಿನ ಅಂಚು ಕೂತ ಜಾಗ.

ಆದೆಪ್ಪ

*

ಗದ್ವಾಲ್
23 ಫೆಬ್ರವರಿ 2014

ಸ್ಟುಡಿಯೋದವರಿಗೆ,

ನೆಗೆಟಿವ್ ಆಗಲೇ ಮುಟ್ಟಿತ್ತು. ಮೂರು ತಿಂಗಳು ಪೆಟ್ಟಿಗೆಯಲ್ಲಿಟ್ಟಿದ್ದೆ.

ಸಿದ್ದರಾಮೇಶ ಎರಡು ಸಲ ಗದ್ವಾಲಿಗೆ ಬಂದಿದ್ದ. ಒಂದು ಸಲ ಅವ್ವ ತೀರಿದಾಗ, ಒಂದು ಸಲ ಭಾಗ್ಯಜ್ಯೋತಿಗೆ ಹುಟ್ಟುಗೂದಲಿನ ಜವುಳ ತೆಗೆಸುವಾಗ ನನ್ನನ್ನು ಕರೆಯಲು. ಎರಡನೇ ಸಲ ನಾನು ಮಗ್ಗದಿಂದ ಏಳಲಿಲ್ಲ. ನಿಂತೇ ಇದ್ದು ಹೋದ. ಅವನ ಮಣ್ಣಿಗೆ ಬಂದವನು ಸ್ಮಶಾನದಿಂದಲೇ ತಿರುಗಿದೆ. ಆ ಮನೆಯವರ ಮೇಲಿನ ಸಿಟ್ಟನ್ನು ನಾನು ಇಷ್ಟು ವರ್ಷ ಒಂದು ಕೆಲಸದಂತೆ ಮಾಡಿಕೊಂಡು ಬಂದೆ. ಈಗ ಆ ಕೆಲಸವೇ ತಪ್ಪಾಗಿತ್ತೆಂದು ನೀವು ಬರೆದಿರಿ. ನಿಮ್ಮ ಮೇಲೆ ಸಿಟ್ಟು ಮಾಡಲು ಹೋದರೆ ಅದು ಅಷ್ಟು ದೊಡ್ಡದಾಗುವುದಿಲ್ಲ.

ಹೋದ ವಾರ ಕರ್ನೂಲಿಗೆ ಹೋದೆ. ಸಾಯಣ್ಣ ಮುದುಕ, ಮಾತುಗಾರ. ತೆಲಂಗಾಣದ ಬಿಲ್ಲು ಪಾಸಾದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. "ತೊಂದರಗಾ ಚೇಯಿಂಚುಕೋ ಅಣ್ಣಾ, ರೇಪು ಪಾಸ್‌ಪೋರ್ಟ್ ಅಡುಗುತಾರು" ಎಂದು ನಕ್ಕ. ಬೇಗ ಮಾಡಿಸಿಕೋ, ನಾಳೆ ಈ ಊರಿಗೆ ಬರಲು ಪಾಸ್‌ಪೋರ್ಟ್ ಕೇಳುತ್ತಾರಂತೆ.

ಅವನ ಮಷೀನು ನನ್ನ ಎತ್ತರವಿದೆ. ಮೊದಲು ಸಣ್ಣ ಲೆನ್ಸು ಹಾಕಿ ತೋರಿಸಿದ, ನೀವು ಬರೆದಂತೆಯೇ ನಡುವೆ ಗುಂಡಗೆ ಬೆಳಕು. ಆಮೇಲೆ ಎಂಬತ್ತರದು ಹಾಕಿದ. ಹಲಗೆಯ ಮೇಲೆ ಹದಿನಾಲ್ಕೂ ಜನ ನಿಂತರು, ಮುಖ ಕಪ್ಪು, ಕೂದಲು ಬಿಳಿ. ಪೇಪರನ್ನು ಔಷಧದ ನೀರಿನಲ್ಲಿ ಹಾಕಿ ನೀವೇ ಅಲ್ಲಾಡಿಸಿ ಎಂದ. ಕೆಂಪು ದೀಪದಲ್ಲಿ ಮೊದಲು ಪಂಚೆಗಳ ಅಂಚು, ಆಮೇಲೆ ಮೀಸೆಗಳು ಬಂದವು. ಅವ್ವ ಎಲ್ಲರಿಗಿಂತ ಕಡೆಗೆ ಬಂದಳು.

ದೊಡ್ಡದಾಗಿ ಬಂದ ಮೇಲೆ ಕಂಡದ್ದು ಬರೆಯುತ್ತೇನೆ. ಅವಳ ಮುಖ ಸ್ವಲ್ಪ ಅಲುಗಿದೆ. "ಅಮ್ಮ ಕದಿಲಿಂದಿ" ಎಂದ ಸಾಯಣ್ಣ, ಅಲ್ಲಾಡಿದಳಂತೆ. ಉಳಿದವರೆಲ್ಲ ನಿಂತಿದ್ದಾರೆ, ಅವಳು ನಡೆಯುತ್ತಿದ್ದಾಳೆ. ಒಂದು ಕಾಲು ಹೊರಗಿಟ್ಟಾಗಿದೆ, ಸೆರಗು ಕೈಯಲ್ಲಿ ಹಿಡಿದಿದ್ದಾಳೆ. ಗಂಡ ಹೋದವಳು ಲಗ್ನದ ಫೋಟೋದಲ್ಲಿ ಇರಬಾರದೆಂದು ಯಾರೂ ಹೇಳುವ ಮೊದಲೇ ಹೊರಟಿದ್ದಳು. ನೀವು ಆಮೇಲೆ ಕತ್ತರಿಸಿದಿರಿ. ಅವಳ ಪಕ್ಕಕ್ಕೆ ನಾನು ಹೊಸ ಅಂಗಿ ಹಾಕಿಕೊಂಡು ಕ್ಯಾಮೆರಾ ನೋಡುತ್ತ ನಿಂತಿದ್ದೇನೆ. ಕೈ ಚಾಚಿದರೆ ಸಿಗುತ್ತಿದ್ದಳು.

ಲಗ್ನಕ್ಕೆ ಬರಲಾರೆ. ಸಿಟ್ಟಿಗಲ್ಲ. ಯಾವ ಮುಖ ಹೊತ್ತು ಆ ಮನೆಗೆ ಬರಲಿ?

ಅಯ್ಯಣ್ಣ

*

ಮಕ್ತಲ್
9 ಮಾರ್ಚ್ 2014

ಅಯ್ಯಣ್ಣನವರಿಗೆ ಶರಣು.

ನಿಮ್ಮ ಪತ್ರವನ್ನು ಶೇಖಮ್ಮನವರಿಗೆ ಓದಿ ಹೇಳಿದೆ. ನಿಮ್ಮನ್ನು ಕೇಳದೆ ಓದಿದ್ದು ತಪ್ಪಿರಬಹುದು. ನನ್ನ ಬೆರಳಿನ ಸಂಗತಿಯನ್ನೂ ಹೇಳಿದೆ. ಕಡಲೆ ಆರಿಸುತ್ತಿದ್ದ ಮೊರ ಬದಿಗಿಟ್ಟರು. ಆಮೇಲೆ, "ನಿನಗ ಚಪ್ಪಲಿಲೆ ಹೊಡೀಬೇಕು. ಲಗ್ನ ಆಗ್ಲಿ, ಆಮ್ಯಾಲ ಹೊಡೀತೀನಿ" ಎಂದರು. ನಿಮಗೆ ಹೇಳೆಂದದ್ದು ಇಷ್ಟು: "ಮುಖ ಯಾವುದಾರೆ ಇರಲಿ, ಹೊತಗೊಂಡ ಬಾ ಅನ್ನು."

ನನಗೆ ಬುದ್ಧಿ ಹೇಳುವ ಅರ್ಹತೆ ಇಲ್ಲ. ಒಂದು ಮಾತ್ರ ಗೊತ್ತು. ನಾಚಿಕೆಯಾದಾಗ ಮನುಷ್ಯ ಸ್ವಲ್ಪ ದಿನ ಹೋಗಲಿ ಎಂದುಕೊಳ್ಳುತ್ತಾನೆ. ನಾನೂ ಹಾಗೇ ಅಂದುಕೊಂಡೆ. ಅದು ಇಪ್ಪತ್ತೇಳು ವರ್ಷವಾಯಿತು.

ಮೇ 25, ಭಾನುವಾರ, ಬೆಳಗಿನ ಒಂಬತ್ತಕ್ಕೆ ಮುಹೂರ್ತ, ಅಕ್ಕಿಕಾಳು.

ಆದೆಪ್ಪ

*

ಮಕ್ತಲ್
4 ಜೂನ್ 2014

ಅಯ್ಯಣ್ಣನವರಿಗೆ ಶರಣು.

ಲಗ್ನದಲ್ಲಿ ಒಂದು ಕೂಗಿನ ಹೊರತು ನೀವು ನನ್ನ ಜೊತೆ ಮಾತಾಡಲಿಲ್ಲ. ಅದನ್ನು ಎತ್ತಿ ಆಡುತ್ತಿಲ್ಲ. ನೀವು ಅಲ್ಲೇ ಇದ್ದಿರಿ, ಆದರೂ ಕ್ಯಾಮೆರಾದ ಹಿಂದೆ ನಿಂತವನಿಗೆ ಕಂಡದ್ದು ಮುಂದೆ ನಿಂತವರಿಗೆ ಕಂಡಿರುವುದಿಲ್ಲ ಎಂದು ಬರೆಯುತ್ತಿದ್ದೇನೆ.

ಎಂಟೂವರೆಯಾದರೂ ನೀವು ಬರದಿದ್ದಾಗ ನಾನು ಎರಡು ಸಲ ರಸ್ತೆಗೆ ಹೋಗಿ ನೋಡಿ ಬಂದೆ. ಶೇಖಮ್ಮನವರು ಬಾಗಿಲಲ್ಲೇ ನಿಂತಿದ್ದರು. ನೀವು ಆಟೋದಿಂದ ಇಳಿದಾಗ ಇಬ್ಬರೂ ಅಳುತ್ತೀರಿ ಎಂದುಕೊಂಡು ಕ್ಯಾಮೆರಾ ಎತ್ತಿದ್ದೆ. "ಒಂಬತ್ತಕ್ಕ ಅಕ್ಕಿಕಾಳು ಅಂದ್ರ ಒಂಬತ್ತಕ್ಕ ಬರೂದೇನು? ಕೈಕಾಲು ತೊಳ್ಕೊ ನಡಿ" ಎಂದು ಶೇಖಮ್ಮನವರು ಬೈದುಬಿಟ್ಟರು. ಎತ್ತಿದ್ದನ್ನು ಇಳಿಸಿದೆ. ನೀವು ಭಾಗ್ಯಜ್ಯೋತಿಯ ಕೈಹಿಡಿದು ಹಂದರಕ್ಕೆ ಬಂದದ್ದರ ನಾಲ್ಕು ಫೋಟೋ ಇವೆ, ನಾಲ್ಕೂ ಚೆನ್ನಾಗಿವೆ.

ಗುಂಪು ಫೋಟೋಕ್ಕೆ ಎಲ್ಲರೂ ನಿಂತಾಗ ಶೇಖಮ್ಮನವರು ಎಲೆ ಹಾಕುವುದನ್ನು ನೋಡಬೇಕೆಂದು ಬದಿಗೆ ಸರಿದರು. ನಾನು ನೋಡಿದೆ. ಬಾಯಿ ತೆರೆಯಲಿಲ್ಲ. ಇಷ್ಟೆಲ್ಲ ಆದ ಮೇಲೂ ತೆರೆಯಲಿಲ್ಲ, ಗಂಡಿನ ಕಡೆಯವರು ಏನೆಂದಾರೋ ಎಂದು. ನೀವು ನನಗೆ ಕೂಗಿದಿರಿ: "ಏ, ಒತ್ತಬ್ಯಾಡ, ನಿಂದ್ರು." ಹೋಗಿ ಅವರ ಮುಂಗೈ ಹಿಡಿದಿರಿ. "ನಾ ಬದೀಗೆ ನಿಂದರ್ತೀನಿ ಬಿಡಣ್ಣಾ, ನಡುವ ಮುತ್ತೈದೇರು ಇರ್ಲಿ" ಎಂದರು. ನೀವು ಬಿಡಲಿಲ್ಲ. ಗಂಡಿನ ಕಡೆಯ ಒಬ್ಬ ಅಜ್ಜಿ, "ಇದ್ಯಾವ ಹೊಸಾ ಪದ್ಧತೀರೀ?" ಎಂದಳು. ಕುರ್ಚಿಯಲ್ಲಿ ಕೂತಿದ್ದ ವೀರಯ್ಯನವರು, "ರಾಜ್ಯನ ಹೊಸಾದು ಬರಾಕತ್ತೈತಿ, ಪದ್ಧತಿ ಬಂದ್ರ ಏನಾತು? ಲಗೂನ ನಿಂದರ್ರಿ, ಬಿಸಲಾಗ ತಲಿ ಸುಡಾಕತ್ತೈತಿ" ಎಂದರು. ಮಗಳಿಗೂ ಅಳಿಯನಿಗೂ ನಡುವೆ ಶೇಖಮ್ಮನವರು ನಿಂತರು. ನಾನು ಆ ತುದಿಯಿಂದ ಈ ತುದಿಗೆ ನಡೆದು ತಲೆ ಎಣಿಸಿದೆ, ಇಪ್ಪತ್ತಮೂರು. ಹಿಂದೆ ಸರಿಯುತ್ತ ಸರಿಯುತ್ತ ಬೆನ್ನು ಗೋಡೆಗೆ ಮುಟ್ಟಿದ ಮೇಲೆ ಒತ್ತಿದೆ.

ಈಗಿನ ಕ್ಯಾಮೆರಾಕ್ಕೆ ಫಿಲಂ ಇಲ್ಲ, ಆದರೂ ಅಳತೆಯ ಕಾಟ ತಪ್ಪಿಲ್ಲ. ಇಲ್ಲಿ ಎಲ್ಲರೂ ಹಾಕಿಸುವುದು ಎಂಟಕ್ಕೆ ಹತ್ತು ಇಂಚಿನ ಕಾಗದ, ಅದಕ್ಕೇ ಫ್ರೇಮು ಸಿಗುತ್ತದೆ. ಅದರಲ್ಲಿ ಹಾಕಿದರೆ ಎರಡೂ ಬದಿ ಒಬ್ಬೊಬ್ಬರನ್ನು ತಿನ್ನುತ್ತದೆ. ಎಂಟಕ್ಕೆ ಹನ್ನೆರಡರಲ್ಲಿ ಹಾಕಿಸಿದ್ದೇನೆ. ಎಲ್ಲರೂ ಇದ್ದಾರೆ. ಆದರೆ ಆ ಅಳತೆಯ ಫ್ರೇಮು ಮಕ್ತಲ್‌ನಲ್ಲಿ ಇಲ್ಲ, ನಾರಾಯಣಪೇಟೆಯಲ್ಲೂ ಇಲ್ಲ. ಹಾಗೇ ಅಂಚೆಗೆ ಹಾಕಿದರೆ ಮಡಚೀತೆಂದು ಭಯ. ಏನು ಮಾಡಲಿ ಬರೆಯಿರಿ.

ಆದೆಪ್ಪ

*

ಗದ್ವಾಲ್
11 ಜೂನ್ 2014

ಆದೆಪ್ಪನವರಿಗೆ,

ಅಂಚೆಗೆ ಹಾಕಬೇಡಿ. ಎಂಟಕ್ಕೆ ಹನ್ನೆರಡರ ಚೌಕಟ್ಟನ್ನು ನಮ್ಮ ಮಗ್ಗ ಮಾಡುವ ಬಡಗಿಯಿಂದ ತೇಗದಲ್ಲಿ ಮಾಡಿಸಿದ್ದೇನೆ. ಗಾಜೂ ಬಂದಿದೆ.

ಸೋಮವಾರ ನಾವು ಮಗ್ಗ ಹೂಡುವುದಿಲ್ಲ. ಫೋಟೋ ತೆಗೆದುಕೊಂಡು ನೀವೇ ಬನ್ನಿ. ಊಟ ಮಾಡಿಕೊಂಡು ಹೋಗಬಹುದು.

ಅಯ್ಯಣ್ಣ